ನಾಲ್ಕನೇ ಕ್ಲಾಸಿನವರಿಗೆ ಜಡೆ ಕೋಲಾಟ ಕಲಿಸಿದ್ದು

ನಮ್ಮ ಶಾಲೆಯ ನಾಲ್ಕನೇ ತರಗತಿಯ ಎಂಟು ಮಕ್ಕಳು ಕೋಲಾಟ ಆಡುತ್ತಲೇ ಹಗ್ಗದ ಜಡೆ ಹೆಣೆಯುತ್ತಾರೆ, ಮತ್ತೆ ಒಂದೂ ಸಿಕ್ಕು ಬೀಳದ ಹಾಗೆ ಬಿಚ್ಚುತ್ತಾರೆ. ಸುತ್ತಮುತ್ತಲ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಮೀಟಿಂಗಿನಲ್ಲಿ ಇದನ್ನು ಹೇಳಿದಾಗ ನಂಬಿದವರು ಕಡಿಮೆ. ವಿಡಿಯೊ ತೋರಿಸಿದ ಮೇಲೂ ಒಬ್ಬರು "ಏಳನೇ ಕ್ಲಾಸಿನ ಕುಳ್ಳರನ್ನ ಹುಡುಕಿ ನಿಲ್ಸಿದ್ದೀರಾ ಮೇಷ್ಟ್ರೇ?" ಅಂದರು. ಆಮೇಲೆ ಅವರೇ ಫೋನ್ ಮಾಡಿ ಹೇಗೆ ಮಾಡಿದಿರಿ ಅಂತ ಕೇಳಿದರು. ಬೇರೆಯವರೂ ಕೇಳುತ್ತಿದ್ದಾರೆ. ಪ್ರತಿಯೊಬ್ಬರಿಗೂ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆದುಬಿಡುತ್ತಿದ್ದೇನೆ.

ಸಾದಾ ಕೋಲಾಟ ಎಲ್ಲರಿಗೂ ಗೊತ್ತಿರುವುದೇ. ಅದರ ಬಗ್ಗೆ ಹೇಳೋಕೆ ಏನಿಲ್ಲ. ಜಡೆ ಕೋಲಾಟದ್ದು ಬೇರೆ ಕಥೆ. ಮೇಲಿಂದ ಇಳಿಬಿಟ್ಟ ಹಗ್ಗ ಒಂದು ಕೈಯಲ್ಲಿ, ಕೋಲು ಇನ್ನೊಂದು ಕೈಯಲ್ಲಿ. ಅರ್ಧ ಜನ ಈ ಕಡೆಗೆ, ಅರ್ಧ ಜನ ಆ ಕಡೆಗೆ. ಒಬ್ಬರನ್ನು ಹೊರಗಿಂದ ದಾಟಬೇಕು, ಮುಂದಿನವರನ್ನು ಒಳಗಿಂದ. ಒಂದು ಮಗು ಒಂದು ಸಲ ತಪ್ಪಿದರೆ ಸಾಕು, ಅಲ್ಲಿಗೆ ಗಂಟು. ಗಂಟು ಬಿಡಿಸೋಕೆ ಅರ್ಧ ಗಂಟೆ. ಅಷ್ಟರಲ್ಲಿ ಬಿಸಿಯೂಟದ ಬೆಲ್ಲು.

ಯಾಕೆ ಇದನ್ನೇ ಹಿಡಿದೆ ಅಂತ ಕೇಳಬಹುದು. ನಮ್ಮದು ನಾಗಮಂಗಲದ ಕಡೆ. ಕುಣಿತಕ್ಕೇನೂ ಬರ ಇಲ್ಲ. ಪಟ ಕುಣಿತ, ಪೂಜಾ ಕುಣಿತ, ಸೋಮನ ಕುಣಿತ ಎಲ್ಲ ಇವೆ. ಆದರೆ ಪಟ ಕುಣಿತದಲ್ಲಿ ಹಿಡಿಯುವ ಉದ್ದ ಬಿದಿರು ಒಂಬತ್ತು ವರ್ಷದ ಮಗುವಿಗೆ ಎತ್ತೋಕಾಗಲ್ಲ. ಸೋಮ ಅಂದರೆ ದೊಡ್ಡ ಮುಖವಾಡ, ಅದನ್ನು ಹೊರುವುದು ಊರದೇವತೆ ಅಮ್ಮನ ಹಬ್ಬಕ್ಕೆ ಸೇರಿದ್ದು, ಅದನ್ನು ಶಾಲೆಯ ಅಂಗಳಕ್ಕೆ ತರೋದು ನನಗೆ ಸರಿ ಕಾಣಲಿಲ್ಲ. ಡೊಳ್ಳು ಪ್ರಯತ್ನಿಸಿದೆ. ಬಾಡಿಗೆಗೆ ತಂದ ಡೊಳ್ಳು ಮಗುವಿನ ಮೊಣಕಾಲಿಗೆ ಬಡಿಯುತ್ತಿತ್ತು. ಪೇಂಟ್ ಡಬ್ಬಕ್ಕೆ ಹಗ್ಗ ಕಟ್ಟಿ ಕೊರಳಿಗೆ ಹಾಕಿದೆ. ಒಂದು ವಾರ ಚೆನ್ನಾಗಿತ್ತು. ಆಮೇಲೆ ಪಕ್ಕದ ಕೋಣೆಯ ಮಿಸ್ಸು "ಒಂದೋ ಡಬ್ಬ ಇರ್ಬೇಕು, ಇಲ್ಲಾ ನಾನಿರ್ಬೇಕು" ಅಂದರು.

ಕಂಚಿನ ತಾಳ ಬೀಸಿ ಕುಣಿಯುವ ಕಂಸಾಳೆದೂ ಒಂದು ಪ್ರಯೋಗ ನಡೆಯಿತು. ತೆಂಗಿನ ಚಿಪ್ಪು ಕೊರೆದು ದಾರ ಕಟ್ಟಿ ಬೀಸಿಸಿದೆ. ಚಿಪ್ಪು ಹಗುರ, ತೂಕ ಸಿಗಲ್ಲ, ಬೀಸಿದರೆ ಎತ್ತೆತ್ತಲೋ ಹೋಗುತ್ತದೆ. ಒಬ್ಬ ಹುಡುಗನ ಹಣೆ ಊದಿತು. ಅವರಪ್ಪ ಮಲೆ ಮಾದಪ್ಪನ ಒಕ್ಕಲು. ಹಣೆ ಊದಿದ್ದಕ್ಕೆ ಅವರು ಏನೂ ಅನ್ನಲಿಲ್ಲ, "ಕಂಸಾಳೆ ಅಂದ್ರೆ ದೀಕ್ಷೆ ತಗೊಂಡ ದೇವರಗುಡ್ಡರು ಹಿಡಿಯೋದು ಸಾ, ಚಿಪ್ಪಲ್ಲಿ ಮಾಡಿಸ್ಬೇಡಿ" ಅಂದರು. ಮಾತು ನ್ಯಾಯವಾಗಿತ್ತು. ಅಲ್ಲಿಗೆ ಬಿಟ್ಟೆ. ಕೋಲಾಟಕ್ಕೆ ಅಂಥ ಕಟ್ಟು ಇಲ್ಲ. ಊರಲ್ಲಿ ಯಾರು ಬೇಕಾದರೂ ಕೋಲು ಹಿಡಿಯುತ್ತಾರೆ. ಒಂದಿಬ್ಬರು ತಾಯಂದಿರು "ಹುಡುಗ್ರ ಜೊತೆ ಹುಡುಗೀರ್ನೂ ಕುಣಿಸ್ತೀರಾ?" ಎಂದು ಕೇಳಿದ್ದು ಬಿಟ್ಟರೆ ಬೇರೆ ತಕರಾರು ಬರಲಿಲ್ಲ.

ಈಗ ದುಡ್ಡಿನ ವಿಷಯ. ಮೊದಲು ನೈಲಾನ್ ಹಗ್ಗ ತಂದೆ, ನಾನೂರು ರೂಪಾಯಿ ಹತ್ತಿರ ಆಯಿತು. ಅದು ಕೈ ಉಜ್ಜುತ್ತದೆ. ಜೊತೆಗೆ ತಾನೇ ಹುರಿಗೊಳ್ಳುತ್ತದೆ, ಹೆಣೆದ ಜಡೆ ಸಡಿಲವಾಗಿ ಜಾರಿ ಕೆಳಗೆ ಬರುತ್ತದೆ. ಆಮೇಲೆ ಫ್ಯಾನ್ಸಿ ಅಂಗಡಿಯಲ್ಲಿ ಸ್ಯಾಟಿನ್ ರಿಬ್ಬನ್ ತಂದೆ, ಆರುನೂರರ ಮೇಲಾಯಿತು. ಫೋಟೊಗೆ ಚಂದ. ಎರಡು ದಿನಕ್ಕೆ ಅಂಚಿನ ನೂಲು ಕಿತ್ತುಬಂತು, ಗಂಟು ಬಿದ್ದರೆ ಕತ್ತರಿಯೇ ಗತಿ. ಕೊನೆಗೆ ಕೆಲಸಕ್ಕೆ ಬಂದದ್ದು ಬಿಟ್ಟಿ ಸಾಮಾನು: ಮಕ್ಕಳ ಮನೆಯಿಂದ ಬಂದ ಹಳೇ ಕಾಟನ್ ಸೀರೆ. ಉದ್ದಕ್ಕೆ ನಾಲ್ಕು ಬೆರಳಗಲ ಹರಿದು 12 ಅಡಿಗೆ ಕತ್ತರಿಸಿದೆ. ಸೀರೆ ಪೂರ್ತಿ ಉದ್ದ ಬಿಟ್ಟರೆ ಮಕ್ಕಳು ಕಾಂಪೌಂಡಿನ ತನಕ ಹೋಗಿ ನಿಲ್ಲಬೇಕಾಗುತ್ತದೆ. ಪಾಲಿಸ್ಟರ್ ಸೀರೆ ಬೇಡ, ಜಾರುತ್ತದೆ.

ಹಗ್ಗ ಕಟ್ಟೋಕೆ ಮೊದಲು ಸೈಕಲ್ ರಿಮ್ಮು ಉಪಯೋಗಿಸಿದೆ. ಎಲ್ಲರೂ ಅದನ್ನೇ ಹೇಳುತ್ತಾರೆ. ಅದು ಅಗಲ ಜಾಸ್ತಿ. ಮೊದಲೆರಡು ಸುತ್ತು ಜಡೆ ಆಗೋದೇ ಇಲ್ಲ, ಬಲೆಯ ಹಾಗೆ ಕಾಣುತ್ತದೆ. ಮಕ್ಕಳಿಗೆ ಬೇಜಾರು. ಮೆಕ್ಯಾನಿಕ್ ಅಂಗಡಿಯಲ್ಲಿ ಬಿಸಾಕಿದ ಬೈಕಿನ ಹಿಂದಿನ ಚೈನ್ ಸ್ಪ್ರಾಕೆಟ್ ಸಿಕ್ಕಿತು. ಹಲ್ಲಿಗೆ ಬಟ್ಟೆ ಸಿಕ್ಕಿ ಹರಿಯದಿರಲಿ ಅಂತ ಹಳೇ ಟ್ಯೂಬ್ ಸುತ್ತಿದೆ. ಹೊಂಗೆ ಮರದ ಕೊಂಬೆಗೆ ಹತ್ತೂವರೆ–ಹನ್ನೊಂದು ಅಡಿ ಎತ್ತರಕ್ಕೆ ಕಟ್ಟಿದೆ. ಇಲ್ಲೊಂದು ಮಾತು. ಒಂದೇ ಹಗ್ಗದಲ್ಲಿ ನೇತುಹಾಕಬೇಡಿ, ಅದು ಗಿರಗಿರ ತಿರುಗುತ್ತದೆ. ಮೂರು ಕಡೆಯಿಂದ ಎಳೆದು ಕಟ್ಟಿ. ಎತ್ತರ ಕಡಿಮೆಯಾದರೆ ಹಗ್ಗ ಮಕ್ಕಳ ಕತ್ತಿಗೆ ಬರುತ್ತದೆ, ಅದರಲ್ಲಿ ಮಾತ್ರ ರಾಜಿ ಬೇಡ.

ಕೋಲಿಗೆ ಖರ್ಚಿಲ್ಲ. ಒಣಗಿದ ಸೀಬೆ ಕೊಂಬೆ, ಒಂದಡಿ ಉದ್ದ. ದೊಡ್ಡವರ ಅಳತೆಯ ಕೋಲು ಕೊಟ್ಟರೆ ಪಕ್ಕದವರ ಕಿವಿಗೆ ಬೀಳುತ್ತದೆ. ಎಲ್ಲ ಸೇರಿ ನನ್ನ ಜೇಬಿನಿಂದ ಸಾವಿರದ ಎಂಟುನೂರರ ಆಸುಪಾಸು ಹೋಗಿರಬೇಕು, ಅದರಲ್ಲಿ ಮುಕ್ಕಾಲು ಪಾಲು ದಂಡ. ಶಾಲಾ ಅನುದಾನದಲ್ಲಿ ಹಾಕೋಣ ಅಂದರೆ ಕೋಲಾಟ ಯಾವ ಬಾಬ್ತಿಗೆ ಬರುತ್ತದೆ ಅಂತ ಹೇಳುವವರಿಲ್ಲ.

ಕಲಿಸೋಕೆ ಮೊದಲು ಊರಿನ ಕೋಲಾಟದ ತಾತನನ್ನು ಕರೆದೆ. ಎಪ್ಪತ್ತು ದಾಟಿದೆ, ಈಗಲೂ ಕಾಲು ಹಗುರ. "ಲೆಕ್ಕ ಹಾಕ್ಬೇಡಿ ಮೇಷ್ಟ್ರೇ, ಪದ ಕೇಳುಸ್ಕೊಂಡ್ರೆ ಕಾಲು ತಾನಾಗೇ ಹೋಯ್ತದೆ" ಅಂದರು. ಅವರ ಕಾಲು ಹೋಗುತ್ತದೆ. ಚಿಕ್ಕಂದಿನಿಂದ ಹಬ್ಬಹಬ್ಬಕ್ಕೂ ಕುಣಿದ ಕಾಲು ಅದು. ನಮ್ಮ ಮಕ್ಕಳಿಗೆ ವಾರಕ್ಕೆ ಒಂದು ಪೀರಿಯಡ್ಡು, ಜೊತೆಗೆ ಬ್ಯಾಗಿಲ್ಲದೆ ಬರುವ ಸಂಭ್ರಮ ಶನಿವಾರ. ತಾತ ಹೇಳಿಕೊಟ್ಟ ಹೆಜ್ಜೆ ಮಾತ್ರ ಬೇಗ ಬಂತು: ಮೂರು ಹೆಜ್ಜೆ, ನಾಲ್ಕಕ್ಕೆ ಕುಪ್ಪಳಿಸು. ದಾಟೋದು ಬರಲಿಲ್ಲ. "ಒಳಗೆ, ಹೊರಗೆ, ಒಳಗೆ, ಹೊರಗೆ" ಅಂತ ನಾನು ಕೂಗೋದು, ಯಾರೋ ಒಬ್ಬರು ಬೇರೆ ಕಡೆ ನೋಡೋದು, ಗಂಟು. ಸೀಮೆಸುಣ್ಣದಲ್ಲಿ ಹಾವಿನಂಥ ದಾರಿ ಬರೆದು ನೋಡಿದೆ. ಮಕ್ಕಳು ನೆಲ ನೋಡಿಕೊಂಡು ನಡೆದು ತಲೆಗೆ ತಲೆ ಡಿಕ್ಕಿ ಹೊಡೆದರು.

ಬಿಚ್ಚೋದು ಇನ್ನೂ ಕಷ್ಟ. ಕೊನೆಯ ದಾಟು ಹೊರಗಿಂದ ಆಗಿದ್ದರೆ, ಹಿಂತಿರುಗಿದ ಮೇಲೆ ಮೊದಲ ದಾಟೂ ಹೊರಗಿಂದಲೇ ಆಗಬೇಕು. ಮಕ್ಕಳು ಏನು ಮಾಡುತ್ತಾರೆ? ಹೊರಗೆ ಆಯ್ತಲ್ಲ, ಈಗ ಒಳಗೆ ಅಂತ ನುಗ್ಗುತ್ತಾರೆ. ಬಿಚ್ಚಬೇಕಾದ ಜಾಗದಲ್ಲಿ ಹೊಸ ಗಂಟು. ದೊಡ್ಡವರ ತಂಡಗಳಲ್ಲೂ ಇದೇ ಎಡವಟ್ಟು ಆಗೋದನ್ನು ನೋಡಿದ್ದೇನೆ.

ದಾರಿ ಸಿಕ್ಕಿದ್ದು ಮನೆಯಲ್ಲಿ, ಹುಣಸೆ ಬೀಜ ಮತ್ತು ಕಡಲೆಕಾಯಿ ಇಟ್ಟುಕೊಂಡು ಕೂತಾಗ. ಬೀಜ ಬಲಕ್ಕೆ, ಕಡಲೆಕಾಯಿ ಎಡಕ್ಕೆ. ಐದೈದು ಇಟ್ಟು ನಡೆಸಿದೆ. ಮೊದಲ ಸಲ ಹೊರಗಿಂದ ದಾಟಿದ ಜೋಡಿ ಮತ್ತೆ ಎದುರಾದಾಗ ಒಳಗಿಂದ ದಾಟಬೇಕಾಯಿತು. ಮೂರು ಮೂರು ಇಟ್ಟರೂ ಹಾಗೇ. ನಾಲ್ಕು ನಾಲ್ಕು ಇಟ್ಟೆ ನೋಡಿ. ಹೊರಗಿಂದ ದಾಟಿದವರನ್ನು ಯಾವತ್ತಿಗೂ ಹೊರಗಿಂದಲೇ, ಒಳಗಿಂದ ದಾಟಿದವರನ್ನು ಯಾವತ್ತಿಗೂ ಒಳಗಿಂದಲೇ. ಅಂದರೆ ಮಗು ಎಣಿಸಬೇಕಾಗಿಯೇ ಇಲ್ಲ. ಎದುರಿಗೆ ಯಾರು ಬಂದರು ಅಂತ ನೋಡಿದರೆ ಸಾಕು. ಒಟ್ಟು ಮಕ್ಕಳ ಸಂಖ್ಯೆ ನಾಲ್ಕರಿಂದ ಭಾಗವಾಗಬೇಕು, ಅಷ್ಟೇ. 8 ಸರಿ, 12 ಸರಿ. 6, 10 ಬೇಡವೇ ಬೇಡ. ನಾನು ಅಲ್ಲಿಯ ತನಕ ಯಾರಿಗೂ ಬೇಜಾರಾಗದಿರಲಿ ಅಂತ ಹತ್ತು ಮಕ್ಕಳನ್ನು ನಿಲ್ಲಿಸುತ್ತಿದ್ದೆ.

ಇದನ್ನು ಬಣ್ಣಕ್ಕೆ ಇಳಿಸಿದೆ. ಎಂಟು ಮಕ್ಕಳು ವೃತ್ತದಲ್ಲಿ ಜೋಡಿ ಜೋಡಿಯಾಗಿ ಎದುರುಬದುರು ನಿಲ್ಲುತ್ತಾರೆ. ಒಂದು ಮತ್ತು ಮೂರನೇ ಜೋಡಿಗೆ ಹಳದಿ ಕೈಪಟ್ಟಿ, ಎರಡು ಮತ್ತು ನಾಲ್ಕನೇ ಜೋಡಿಗೆ ನೀಲಿ. ಗಡಿಯಾರದ ದಿಕ್ಕಿಗೆ ಹೋಗುವ ನಾಲ್ವರಿಗೆ ಒಂದೇ ಮಾತು: ಎದುರಿಗೆ ನಿನ್ನ ಬಣ್ಣ ಬಂದರೆ ಕೈ ಎತ್ತಿ ಹೊರಗಿಂದ ಹೋಗು, ಬೇರೆ ಬಣ್ಣ ಬಂದರೆ ತಲೆ ಬಗ್ಗಿಸಿ ಒಳಗಿಂದ ಹೋಗು. ಎದುರಿಂದ ಬರುವ ನಾಲ್ವರು ನೇರ ನಡೆಯುತ್ತಾರೆ. ತಮ್ಮ ಬಣ್ಣ ಬಂದರೆ ಕೈ ತಗ್ಗಿಸುತ್ತಾರೆ, ಬೇರೆ ಬಣ್ಣ ಬಂದರೆ ಎತ್ತುತ್ತಾರೆ. ಎಂಟು ದಾಟಿಗೆ ಎಲ್ಲರೂ ತಮ್ಮ ತಮ್ಮ ಸುಣ್ಣದ ಗುರುತಿಗೆ ವಾಪಸ್. ಒಬ್ಬರು ಬೇರೆಯವರ ಗುರುತಿನ ಮೇಲೆ ನಿಂತಿದ್ದರೂ ತಪ್ಪಾಗಿದೆ ಅಂತ ಮಕ್ಕಳಿಗೇ ಗೊತ್ತಾಗುತ್ತದೆ.

ಇದರ ಚಂದ ಇರೋದು ಬಿಚ್ಚುವಾಗ. ನಿಯಮ ಬದಲಾಗೋದೇ ಇಲ್ಲ! ಹಿಂತಿರುಗಿ ನಿಂತು ಪ್ರತಿ ಮಗುವೂ ತನಗೆ ಮೊದಲು ಹೇಳಿದ ಅದೇ ಬಣ್ಣದ ಮಾತು ಪಾಲಿಸಿದರೆ ಜಡೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಬೇಕಾದರೆ ಬೀಜ ಇಟ್ಟು ನೋಡಿ. ತಾತನಿಗೆ ತೋರಿಸಿದಾಗ ಸುಮಾರು ಹೊತ್ತು ಸುಮ್ಮನೆ ನಿಂತಿದ್ದರು. "ನಮ್ಮ ಗುರುಗಳು ಇದ್ನ ಹೇಳಿರ್ನಿಲ್ಲ" ಅಂದರು. ನನಗೆ ಅಷ್ಟು ಸಾಕಾಯಿತು ಬಿಡಿ.

ಮೊದಲು ಕೆಂಪು–ಹಸಿರು ಕಟ್ಟಿದ್ದೆ. ಒಬ್ಬ ಹುಡುಗ ಪ್ರತಿ ಸಲ ತಪ್ಪುತ್ತಿದ್ದ. ಗಮನ ಕೊಡಲ್ಲ ಅಂತ ಎಲ್ಲರೂ ಅವನನ್ನೇ ಬೈತಿದ್ದರು. ಕರೆದು ಎರಡೂ ಪಟ್ಟಿ ಮುಂದೆ ಹಿಡಿದೆ. ಅವನಿಗೆ ಎರಡೂ ಒಂದೇ ಥರ ಕಾಣುತ್ತಿತ್ತು. ಅವರಮ್ಮನಿಗೆ ಕಣ್ಣಿನ ಡಾಕ್ಟರ ಹತ್ತಿರ ಹೋಗೋಕೆ ಹೇಳಿ, ಪಟ್ಟಿಯನ್ನು ಹಳದಿ–ನೀಲಿಗೆ ಬದಲಾಯಿಸಿದೆ. ಈಗ ಎಂಟು ಜನರಲ್ಲಿ ಅವನದೇ ಎಲ್ಲಕ್ಕಿಂತ ಗಟ್ಟಿ ಹೆಜ್ಜೆ.

ಕೋಲನ್ನು ತಡವಾಗಿ ಕೊಡಿ. ನಾನು ಮೊದಲ ಒಂದೂವರೆ ತಿಂಗಳು ಖಾಲಿ ಕೈಯಲ್ಲೇ ನಡೆಸಿದೆ. ಆಮೇಲೆ ಹಗ್ಗ. ದಾಟುವಾಗ ಎದುರಿನವರ ಅಂಗೈಗೆ ತಟ್ಟೋದು. ಕೊನೆಗೆ ಕೋಲು. ಹಗ್ಗ ಯಾವಾಗಲೂ ವೃತ್ತದ ಒಳಗಿನ ಕಡೆಯ ಕೈಯಲ್ಲಿರಬೇಕು, ಹಾಗಾಗಿ ಹಿಂತಿರುಗಿದಾಗ ಹಗ್ಗ–ಕೋಲು ಕೈ ಬದಲಾಗಬೇಕು. ಕೋಲು ಬೀಳುವುದೆಲ್ಲ ಆಗಲೇ. ಕೈ ಬದಲಿಸೋದನ್ನೇ ಬೇರೆಯಾಗಿ, ತರಗತಿಯೊಳಗೆ ಕೂತುಕೊಂಡೇ ಅಭ್ಯಾಸ ಮಾಡಿಸಿದೆ. ಎಂಟೂ ಜನ ಒಂದೇ ಏಟಿಗೆ ತಿರುಗೋ ಹಾಗೆ ಮಾಡೋಕೆ ನನ್ನ ಹತ್ತಿರ ಒಂದು ಉಪಾಯ ಇದೆ, ಸೀಟಿಯೂ ಬೇಡ, ಕೂಗೋದೂ ಬೇಡ. ಅದನ್ನು ಇಲ್ಲಿ ಬರೆಯಲ್ಲ. ಶಾಲೆ ಶಾಲೆಗಳ ನಡುವಿನ ಸ್ಪರ್ಧೆ ಪ್ರತಿಭಾ ಕಾರಂಜಿ ಮುಗಿಯಲಿ, ನೋಡೋಣ.

ಪದಕ್ಕೆ ಮೊದಲು ಬ್ಲೂಟೂತ್ ಸ್ಪೀಕರ್ ಇಟ್ಟಿದ್ದೆ. ಮಕ್ಕಳು ಎಡವಿದರೂ ಅದು ಓಡುತ್ತಲೇ ಇರುತ್ತದೆ. ತೆಗೆದುಹಾಕಿದೆ. ಈಗ ಮಕ್ಕಳೇ ಹಾಡುತ್ತಾರೆ. ಸುತ್ತ ಕೂತವರು "ಕೋಲು ಕೋಲಣ್ಣ ಕೋಲೇ" ಎಳೆಯುತ್ತಾರೆ, ಒಳಗೆ ತಡವಾದರೆ ಹೊರಗಿನವರೂ ನಿಧಾನ ಮಾಡುತ್ತಾರೆ. ಮನೆಯಲ್ಲಿ ಅಜ್ಜಿಯನ್ನು ಕೇಳಿ ಒಂದೊಂದು ಸಾಲು ತರೋಕೆ ಹೇಳಿದ್ದೆ. ನೋಟ್‌ಬುಕ್ಕಿನ ಅರ್ಧ ತುಂಬಿದೆ. ಒಬ್ಬಳ ಅಜ್ಜಿ ಸಾಲು ಬರೆಸೋಕೆ ಒಪ್ಪದೆ, "ಬರೆದ್ರೆ ರಾಗ ಹೋಯ್ತದೆ" ಅಂತ ತಾವೇ ಶಾಲೆಗೆ ಬಂದರು. ಅವತ್ತು ಗಣಿತದ ಪೀರಿಯಡ್ ನಡೆಯಲಿಲ್ಲ.

ನಡುವೆ ಮಕ್ಕಳನ್ನು ರಾಮನಗರದ ಜಾನಪದ ಲೋಕಕ್ಕೆ ಕರೆದುಕೊಂಡು ಹೋಗಿದ್ದೆವು. 1994ರಲ್ಲಿ ಅದನ್ನು ಕಟ್ಟಿದ ಎಚ್.ಎಲ್. ನಾಗೇಗೌಡರು ನಮ್ಮ ತಾಲ್ಲೂಕಿನವರೇ ಅಂದಾಗ ಮಕ್ಕಳು ಅದನ್ನು ಸ್ವಂತ ಮನೆ ಅನ್ನೋ ಥರ ಓಡಾಡಿದರು. ಬಸ್ಸಿನ ಖರ್ಚು ಪೋಷಕರು ಹಾಕಿಕೊಂಡರು. ಮುಖವಾಡ, ಹಳೇ ವಾದ್ಯ ನೋಡಿ ಬಂದ ಮೇಲೆ ಪ್ರಶ್ನೆ ಜಾಸ್ತಿಯಾಯಿತು. ಯಾವ ಕುಣಿತ ಯಾವ ದೇವರಿಗೆ, ಯಾವುದು ಬರೀ ಸುಗ್ಗಿಗೆ, ಯಾವುದನ್ನು ಯಾರು ಬೇಕಾದರೂ ಕುಣಿಯಬಹುದು ಅಂತ ಅವರೇ ಚಾರ್ಟ್ ಮಾಡಿದರು. ಚಿಪ್ಪಿನ ಕಂಸಾಳೆ ಯಾಕೆ ನಿಲ್ಲಿಸಿದೆವು ಅನ್ನೋದು ಆ ಚಾರ್ಟಿನಲ್ಲಿ ಮಕ್ಕಳ ಮಾತಿನಲ್ಲೇ ಇದೆ. ನಾನು ಹೇಳಿದ್ದಕ್ಕಿಂತ ಅದು ಚೆನ್ನಾಗಿದೆ.

ಈಗ ಮೂರು ಸುತ್ತು ಹೆಣೆದರೆ ಎರಡಡಿ ಹತ್ತಿರ ಜಡೆ ಬರುತ್ತದೆ. ಪೂರ್ತಿ ಬಿಚ್ಚೋವರೆಗೆ ಏಳೆಂಟು ನಿಮಿಷ. ಹತ್ತು ಸಲ ಮಾಡಿದರೆ ಒಂಬತ್ತು ಸಲ ಗಂಟಿಲ್ಲ. ಮುಂದೆ 12 ಮಕ್ಕಳದು ಮಾಡಬೇಕು, ಹೊರಗೆ ಕೂತು ಹಾಡೋ ಮಕ್ಕಳು ಬಿಡುತ್ತಿಲ್ಲ. ಹೊಂಗೆ ಕೊಂಬೆ ಹನ್ನೆರಡು ಜನರ ಎಳೆತ ತಡೆಯಲ್ಲ, ಧ್ವಜಕಂಬಕ್ಕೆ ಕಟ್ಟೋಕೆ ಹೆಡ್‌ಮಾಸ್ಟರ್ ಒಪ್ಪಲ್ಲ, ಒಪ್ಪಬೇಕಾಗಿಯೂ ಇಲ್ಲ. ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡ್ ಮಾಡಿಸೋಕೆ ವೆಲ್ಡಿಂಗ್ ಅಂಗಡಿಯವರು ನಾಲ್ಕೂವರೆ ಸಾವಿರ ಕೇಳಿದ್ದಾರೆ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರು ಅರ್ಧ ಕೊಡುತ್ತೇನೆ ಅಂದಿದ್ದಾರೆ, ಆದರೆ ಅವರ ಮೊಮ್ಮಗಳು ಆ ಹನ್ನೆರಡರಲ್ಲಿ ಇರಬೇಕಂತೆ. ಅವಳು ಇನ್ನೂ ಎರಡನೇ ಕ್ಲಾಸು.