ಮದ್ಯಪಾನ ಬಿಡಲು ನೆರವಿನ ಗುಂಪು: ಮಂಗಳೂರು, ಉಡುಪಿಯಲ್ಲಿ ಹುಡುಕುವುದು ಮತ್ತು ಸೇರುವುದು

ಕುಡಿತ ಬಿಡಬೇಕೆಂದು ಹೊರಟವರಿಗೆ ನಮ್ಮ ಕರಾವಳಿಯಲ್ಲಿ ಮೂರು ಬಗೆಯ ನೆರವು ಸಿಗುತ್ತದೆ: ಆಸ್ಪತ್ರೆಯ ಚಿಕಿತ್ಸೆ, ಕೆಲವು ದಿನಗಳ ಮದ್ಯವರ್ಜನ ಶಿಬಿರ, ಮತ್ತು ಬಿಟ್ಟವರೂ ಬಿಡಲು ಹೆಣಗುತ್ತಿರುವವರೂ ಮತ್ತೆ ಮತ್ತೆ ಸೇರಿ ಮಾತನಾಡುವ ಗುಂಪು. ಮೊದಲಿನ ಎರಡು ಒಂದಲ್ಲ ಒಂದು ದಿನ ಮುಗಿಯುತ್ತವೆ. ಮನೆಗೆ ಮರಳಿದ ಮೇಲೆ ಅದೇ ಸಂಬಳದ ದಿನ, ಅದೇ ಗೆಳೆಯರು, ಅದೇ ಸಂಜೆ ಏಳು ಗಂಟೆ ಎದುರಾಗುವಾಗ ಜೊತೆಗಿರುವುದು ಮೂರನೆಯದು.

ಆದರೆ ದಿನವೂ ಹೆಚ್ಚು ಕುಡಿಯುವವರು, ಅದರಲ್ಲೂ ಬೆಳಿಗ್ಗೆ ಕೈನಡುಕ ನಿಲ್ಲಿಸಲೆಂದೇ ಕುಡಿಯುವವರು, ಗುಂಪಿಗಿಂತ ಮೊದಲು ವೈದ್ಯರನ್ನು ಕಾಣಬೇಕು. ಇಂಥವರು ಒಮ್ಮೆಲೇ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ನಡುಕ, ಬೆವರು, ವಾಂತಿ ತೊಡಗಬಹುದು. ಮೊದಲ 48 ಗಂಟೆಗಳೊಳಗೆ ಅಪಸ್ಮಾರ ಬರಬಹುದು. ಎರಡು ಮೂರು ದಿನಗಳಲ್ಲಿ ಇಲ್ಲದ್ದು ಕಾಣುವ, ದಿಕ್ಕು ತಪ್ಪುವ ಸ್ಥಿತಿಗೂ ತಲುಪಿ ಪ್ರಾಣಕ್ಕೆ ಅಪಾಯವಾಗಬಹುದು. ಮಂಗಳೂರಿನ ವೆನ್ಲಾಕ್ ಮತ್ತು ಫಾದರ್ ಮುಲ್ಲರ್, ಮಣಿಪಾಲದ ಕಸ್ತೂರ್ಬಾ, ಉಡುಪಿ ದೊಡ್ಡಣಗುಡ್ಡೆಯ ಡಾ. ಎ.ವಿ. ಬಾಳಿಗಾ ಸ್ಮಾರಕ ಆಸ್ಪತ್ರೆ, ಇವುಗಳ ಮನೋವೈದ್ಯರಿಗೆ ಇದು ಪರಿಚಿತ ಕೆಲಸ. ಅಲ್ಲಿ ಹೋದಾಗ "ನಿಮ್ಮಲ್ಲಿ ಚಿಕಿತ್ಸೆ ಪಡೆದವರು ಯಾವ ಸಭೆಗೆ ಹೋಗುತ್ತಾರೆ?" ಎಂದು ಆಪ್ತಸಮಾಲೋಚಕರನ್ನು ಕೇಳಿ, ಅಂತರ್ಜಾಲದಲ್ಲಿ ಸಿಗುವ ಹಳೆಯ ಪಟ್ಟಿಗಿಂತ ಈ ಒಂದು ಪ್ರಶ್ನೆ ಹೆಚ್ಚು ನಂಬಿಕೆಗೆ ಅರ್ಹ. ಮನೆಯಿಂದಲೇ ವಿಚಾರಿಸುವವರಿಗೆ ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446 ಮತ್ತು ಕನ್ನಡದಲ್ಲಿಯೂ ಮಾತನಾಡುವ ಟೆಲಿ ಮಾನಸ್ 14416 ಇವೆ.

ಗುಂಪುಗಳಲ್ಲಿ ಎರಡನ್ನು ಮುಖ್ಯವಾಗಿ ತಿಳಿದಿರಬೇಕು. ಒಂದು, 1935ರಲ್ಲಿ ಅಮೆರಿಕದಲ್ಲಿ ಹುಟ್ಟಿ ಭಾರತದಲ್ಲೂ ದಶಕಗಳಿಂದ ನಡೆಯುತ್ತಿರುವ ಆಲ್ಕೋಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ. ಇದಕ್ಕೆ ಶುಲ್ಕವಿಲ್ಲ, ಅರ್ಜಿಯಿಲ್ಲ. ಕುಡಿತ ನಿಲ್ಲಿಸುವ ಬಯಕೆಯೊಂದೇ ಅರ್ಹತೆ. ಸಭೆ ಚರ್ಚಿನ ಆವರಣದಲ್ಲೋ ಶಾಲೆಯ ಕೋಣೆಯಲ್ಲೋ ನಡೆದರೂ ಎ.ಎ. ಯಾವ ಧರ್ಮಕ್ಕೂ ಸೇರಿದ್ದಲ್ಲ, ಆದುದರಿಂದ ಜಾಗವನ್ನು ನೋಡಿ ಹಿಂಜರಿಯಬೇಕಾಗಿಲ್ಲ. ಇನ್ನೊಂದು, ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳಿಂದ ಬೆಳೆದ ನವಜೀವನ ಸಮಿತಿಗಳು. ಶಿಬಿರ ಮುಗಿಸಿದವರು ಊರಿನಲ್ಲಿಯೇ ಸೇರುವ ವ್ಯವಸ್ಥೆ ಇದು; ನಿಮ್ಮ ಗ್ರಾಮದ ಯೋಜನೆಯ ಸೇವಾಪ್ರತಿನಿಧಿಯನ್ನು ಕೇಳಿದರೆ ದಾರಿ ತಿಳಿಯುತ್ತದೆ. ಎ.ಎ.ಯಲ್ಲಿ ಗುರುತು ಮುಚ್ಚಿಡುವುದು ನಿಯಮ. ನವಜೀವನದಲ್ಲಿ ಊರವರ ಎದುರು ಬಿಟ್ಟೆನೆಂದು ನಿಲ್ಲುವುದೇ ಬಲ. ಯಾವುದು ತನಗೆ ಒಗ್ಗುತ್ತದೆ ಎಂಬುದನ್ನು ಪ್ರತಿಯೊಬ್ಬರೂ ತಮ್ಮ ಸ್ವಭಾವ ನೋಡಿ ತೀರ್ಮಾನಿಸಬೇಕು.

ಗುಂಪನ್ನು ಆರಿಸುವಾಗ ಹೆಸರಿಗಿಂತ ಸಮಯ ಮತ್ತು ಭಾಷೆ ಮುಖ್ಯ. ನೀವು ಸಾಮಾನ್ಯವಾಗಿ ಕುಡಿಯಲು ಕೂರುತ್ತಿದ್ದ ಹೊತ್ತಿಗೇ ನಡೆಯುವ ಸಭೆ ಸಿಕ್ಕಿದರೆ ಅದನ್ನೇ ಹಿಡಿಯಿರಿ. ತುಳುವಿನಲ್ಲೋ ಕೊಂಕಣಿಯಲ್ಲೋ ಬ್ಯಾರಿಯಲ್ಲೋ ಮನಸ್ಸು ಬಿಚ್ಚುವವರು ಇಂಗ್ಲಿಷ್ ಸಭೆಯಲ್ಲಿ ಮೌನವಾಗಿ ಕುಳಿತು ಬರುವುದುಂಟು. ಸಭೆ ಯಾವ ಭಾಷೆಯಲ್ಲಿ ನಡೆಯುತ್ತದೆಂದು ಫೋನಿನಲ್ಲಿಯೇ ಕೇಳಿಕೊಳ್ಳಿ. ಕೊನೆಯ ಬಸ್ಸಿನ ಸಮಯವನ್ನೂ ನೋಡಿಕೊಳ್ಳಬೇಕು, ಏಕೆಂದರೆ ಮನೆಗೆ ಮರಳುವ ಚಿಂತೆಯಿದ್ದವರು ಅರ್ಧಕ್ಕೇ ಎದ್ದು ಬರುತ್ತಾರೆ. ಮಲ್ಪೆಯಿಂದಲೋ ಮಂಗಳೂರಿನ ಬಂದರಿನಿಂದಲೋ ಬೋಟಿನಲ್ಲಿ ದಿನಗಟ್ಟಲೆ ಕಡಲಿಗೆ ಹೋಗುವವರಿಗೆ ವಾರದ ಸಭೆ ತಪ್ಪುತ್ತಲೇ ಇರುತ್ತದೆ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದಲ್ಲಿ ಕೈಖಾಲಿ ದಿನಗಳು ಕುಡಿತದತ್ತ ಎಳೆಯುವುದು ಹೆಚ್ಚಾದ್ದರಿಂದ, ಆ 61 ದಿನಗಳಲ್ಲಿಯೇ ಸಭೆಯ ಅಭ್ಯಾಸ ಬೆಳೆಸಿಕೊಳ್ಳುವುದು ಜಾಣತನ.

"ಯಾರಾದರೂ ನೋಡಿದರೆ?" ಎಂಬ ಅಂಜಿಕೆ ಇಲ್ಲಿ ಸುಳ್ಳಲ್ಲ. ಉಡುಪಿಯಂಥ ಊರಿನಲ್ಲಿ ಎರಡು ಮಾತಿನೊಳಗೆ ನಿಮ್ಮ ಮನೆತನದ ಪರಿಚಯ ಸಿಕ್ಕಿಬಿಡುತ್ತದೆ. ಅದು ತೀರಾ ಕಾಡುವುದಾದರೆ ಆರಂಭದಲ್ಲಿ ಉಡುಪಿಯವರು ಮಂಗಳೂರಿನ ಸಭೆಗೆ, ಮಂಗಳೂರಿನವರು ಉಡುಪಿಯ ಸಭೆಗೆ ಹೋಗಬಹುದು. ಎ.ಎ.ಯಲ್ಲಿ ಹೆಸರಿನ ಮೊದಲ ಭಾಗ ಹೇಳಿದರೆ ಸಾಕು. ಅಲ್ಲಿ ಕಂಡವರನ್ನು, ಕೇಳಿದ್ದನ್ನು ಹೊರಗೆ ಹೇಳಬಾರದೆಂಬುದು ಎಲ್ಲರಿಗೂ ತಿಳಿದ ಕಟ್ಟಳೆ. ಮುಚ್ಚಿದ ಸಭೆಗೆ ಕುಡಿತ ಬಿಡಬಯಸುವವರಿಗೆ ಮಾತ್ರ ಪ್ರವೇಶ. ತೆರೆದ ಸಭೆಗೆ ಮನೆಯವರೂ ಬರಬಹುದು.

ಮೊದಲ ದಿನ ಹತ್ತು ನಿಮಿಷ ಮುಂಚಿತವಾಗಿ ಹೋಗಿ ಹೊಸಬರೆಂದು ತಿಳಿಸಿ. ಸುಮಾರು ಒಂದು, ಒಂದೂವರೆ ಗಂಟೆಯ ಸಭೆಯಲ್ಲಿ ಒಬ್ಬೊಬ್ಬರೇ ತಮ್ಮ ಅನುಭವ ಹೇಳುತ್ತಾರೆ. ನಡುವೆ ಯಾರೂ ಬಾಯಿ ಹಾಕುವುದಿಲ್ಲ, ಉಪದೇಶವನ್ನೂ ಕೊಡುವುದಿಲ್ಲ. ನಿಮ್ಮ ಸರದಿ ಬಂದಾಗ "ಇವತ್ತು ಕೇಳುತ್ತೇನೆ" ಎಂದರೆ ಯಾರೂ ಒತ್ತಾಯಿಸುವುದಿಲ್ಲ. ಕೊನೆಯಲ್ಲಿ ಕಾಣಿಕೆಯ ಚೀಲ ಬಂದರೆ ಹಾಕಲೇಬೇಕೆಂದಿಲ್ಲ. ಹೊರಡುವ ಮುನ್ನ ಒಬ್ಬಿಬ್ಬರ ಫೋನ್ ನಂಬರ್ ಪಡೆದುಕೊಳ್ಳುವುದನ್ನು ಮಾತ್ರ ಮರೆಯಬೇಡಿ. ನೆಂಟರ ಮನೆಯ ಮೆಹಂದಿಯಲ್ಲಿ ಗ್ಲಾಸು ಕೈಗೆ ಬರುವ ಮೊದಲು ಹೊರಗೆ ಬಂದು ಕರೆಮಾಡಲು ಒಬ್ಬರು ಬೇಕು. ಮೊದಲ ಸಭೆ ಹಿಡಿಸದಿದ್ದರೆ ಬೇರೆ ಗುಂಪನ್ನು ನೋಡಿ, ಗುಂಪಿನಿಂದ ಗುಂಪಿಗೆ ಮಾತಿನ ಧಾಟಿ ಬಹಳ ಬೇರೆಯಾಗಿರುತ್ತದೆ.

ಮನೆಯವರಿಗೆ ಒಂದು ಎಚ್ಚರಿಕೆ. ಗೊತ್ತಾಗದಂತೆ ಊಟದಲ್ಲಿ ಬೆರೆಸಿ ಕುಡಿತ ಬಿಡಿಸುವ ಔಷಧಿಯ ಜಾಹೀರಾತುಗಳಿಗೆ ಮರುಳಾಗಬೇಡಿ. ಡೈಸಲ್ಫಿರಾಮ್‌ನಂಥ ಮಾತ್ರೆಯನ್ನು ತಿಳಿಯದೆ ತಿಂದವರು ಅದರ ಮೇಲೆ ಕುಡಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಸಂಚಕಾರ ಬರಬಹುದು. ಕುಡಿಯುವವರು ಸಭೆಗೆ ಬರಲು ಒಪ್ಪದಿದ್ದರೂ ಹೆಂಡತಿ, ಮಕ್ಕಳು, ತಾಯಿ ತಂದೆ ತಾವೇ ಸೇರಬಹುದಾದ ಅಲ್‌-ಅನಾನ್ ಎಂಬ ಪ್ರತ್ಯೇಕ ಕೂಟವಿದೆ, ಎ.ಎ. ಸಭೆಯಲ್ಲಿಯೇ ಅದರ ವಿವರ ಕೇಳಿ.

ನಡುವೆ ಒಮ್ಮೆ ಕುಡಿದುಬಿಟ್ಟರೆ ಮುಂದಿನ ಸಭೆಗೆ ತಪ್ಪದೆ ಹೋಗಿ, ಆದದ್ದನ್ನು ಹಾಗೆಯೇ ಹೇಳಿ. ಹಲವು ದಿನ ಸತತವಾಗಿ ಕುಡಿದಿದ್ದರೆ ಮಾತ್ರ, ನಿಲ್ಲಿಸುವ ಮೊದಲು ಪುನಃ ವೈದ್ಯರಲ್ಲಿಗೆ ಹೋಗಬೇಕು.