ಐದು ಷೇರಿನ ಆರ್ಡರ್ ಬಿಟ್ಟ ಮೇಲೆ

ಮಂಡ್ಯದ ಬೆಲ್ಲದ ಮಂಡಿಯಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಷೇರು ಕೊಳ್ಳುವಾಗಲೂ ನನಗೆ ಲೆಕ್ಕವೇ ಬೇಕು, ಮನಸ್ಸಿಗೆ ತೋಚಿದ್ದಲ್ಲ. ಅದಕ್ಕೇ ಅಮೆರಿಕದ ರಾಬರ್ಟ್ ಲಿಚೆಲೊ 1977ರಲ್ಲಿ ಹೇಳಿಕೊಟ್ಟ 'ಏಮ್' ವಿಧಾನ ಹಿಡಿದೆ.

ಅದು ಹೀಗಿದೆ. ಅರ್ಧ ದುಡ್ಡು ಷೇರಿಗೆ, ಅರ್ಧ ಕೈಯಲ್ಲಿ. ಷೇರಿಗೆ ಹಾಕಿದ ಮೊತ್ತವನ್ನು 'ಕಂಟ್ರೋಲ್' ಅಂತ ಬರೆದಿಡಬೇಕು. ಷೇರಿನ ಬೆಲೆ ಬಿದ್ದಾಗ ಕಂಟ್ರೋಲಿನಿಂದ ಈಗಿನ ಮೌಲ್ಯ ಕಳೆಯಬೇಕು. ಬಂದದ್ದರಲ್ಲಿ ಈಗಿನ ಮೌಲ್ಯದ 10% ಮತ್ತೆ ಕಳೆಯಬೇಕು. ಉಳಿದಷ್ಟಕ್ಕೆ ಕೊಳ್ಳಬೇಕು. ಕೊಂಡದ್ದರ ಅರ್ಧ ಕಂಟ್ರೋಲಿಗೆ ಸೇರುತ್ತದೆ. ಬೆಲೆ ಏರಿದಾಗ ಈಗಿನ ಮೌಲ್ಯದಿಂದ ಕಂಟ್ರೋಲನ್ನೂ ಆ 10% ಅನ್ನೂ ಕಳೆದು, ಉಳಿದಷ್ಟಕ್ಕೆ ಮಾರುವುದು. ಮಾರಿದಾಗ ಕಂಟ್ರೋಲ್ ಬದಲಾಗುವುದಿಲ್ಲ.

ನಾನು 200 ರೂಪಾಯಿಯಂತೆ 500 ಷೇರು ಕೊಂಡು ಶುರು ಮಾಡಿದೆ. ಕಂಟ್ರೋಲ್ 1,00,000. ದಿನಾ ಮಧ್ಯಾಹ್ನ ಊಟದ ಹೊತ್ತಿಗೆ ಮೊಬೈಲಿನಲ್ಲಿ ಲೆಕ್ಕ ಹಾಕುತ್ತಿದ್ದೆ. ಬೆಲೆ 180ಕ್ಕೆ ಬಂದ ದಿನ 1,000 ರೂಪಾಯಿಗೆ ಕೊಳ್ಳು ಅಂತ ಬಂತು. ಐದು ಷೇರು ಕೊಂಡೆ, 900 ರೂಪಾಯಿ. ಆಮೇಲೂ ಹೀಗೇ ಮೂರು, ನಾಲ್ಕು, ಐದು ಷೇರು.

ತಿಂಗಳ ಕೊನೆಗೆ ಕಾಂಟ್ರಾಕ್ಟ್ ನೋಟುಗಳನ್ನು, ಅಂದರೆ ಬ್ರೋಕರ್ ಕಳಿಸುವ ವ್ಯವಹಾರದ ಚೀಟಿಗಳನ್ನು, ಬಿಡಿಸಿ ಕೂತೆ. ಆಗ ನನ್ನ ಬ್ರೋಕರ್ ಒಂದು ಆರ್ಡರಿಗೆ 20 ರೂಪಾಯಿ ಹಿಡಿಯುತ್ತಿದ್ದರು. 18% ಜಿಎಸ್‌ಟಿ ಸೇರಿ 23.60. 900 ರೂಪಾಯಿಯ ಮಾಲಿಗೆ ಅಷ್ಟು! ನೂರಕ್ಕೆ ಎರಡೂವರೆ ರೂಪಾಯಿಗಿಂತ ಜಾಸ್ತಿ. ಅದೇ 5,000ದ ಆರ್ಡರ್ ಆಗಿದ್ದರೆ ನೂರಕ್ಕೆ 47 ಪೈಸೆ. ಎಸ್‌ಟಿಟಿ (ಷೇರು ವಹಿವಾಟಿನ ತೆರಿಗೆ) 0.1%, ಸ್ಟಾಂಪ್ ಡ್ಯೂಟಿ 0.015%, ಇವು ಮೊತ್ತಕ್ಕೆ ತಕ್ಕ ಹಾಗೆ ಇರುತ್ತವೆ, ತೊಂದರೆಯಿಲ್ಲ. ಸಣ್ಣ ಆರ್ಡರನ್ನು ತಿನ್ನುವುದು ಆ 20 ರೂಪಾಯಿಯ ಹಾಗೆ ಇಡಿಯಾಗಿ ಹಿಡಿಯುವ ಖರ್ಚು. ಮಾರುವಾಗ ಡಿಪಿ ಚಾರ್ಜೂ (ಡಿಮ್ಯಾಟ್ ಖಾತೆಯಿಂದ ಷೇರು ಹೊರಗೆ ಹೋಗುವ ಶುಲ್ಕ) ಅಂಥದ್ದೇ. ಒಂದು ಷೇರು ಮಾರಿದರೂ ಸಾವಿರ ಮಾರಿದರೂ ಅಷ್ಟೇ.

ಅಣ್ಣನಿಗೆ ತೋರಿಸಿದೆ. "ಎರಡು ಅಚ್ಚು ಬೆಲ್ಲಕ್ಕೆ ಯಾರಾದ್ರೂ ಲಗೇಜ್ ಆಟೊ ಮಾಡ್ತಾರೇನ್ಲಾ?" ಅಂದ.

ಸರಿ, 5,000ಕ್ಕಿಂತ ಕಡಿಮೆ ಬಂದರೆ ಸುಮ್ನಿರುವುದು ಅಂತ ಮಾಡಿಕೊಂಡೆ. ಆದರೆ ಗಂಟು ಬೆಳೆದ ಹಾಗೆ 5,000 ಸಣ್ಣದಾಗುತ್ತದೆ ಅಲ್ವಾ? ಅದಕ್ಕೆ ರೂಪಾಯಿ ಬಿಟ್ಟು ಶೇಕಡಾ ಲೆಕ್ಕಕ್ಕೆ ಬಂದೆ. ಆರ್ಡರಿನ ಕನಿಷ್ಠ ಮಿತಿಯನ್ನು ಈಗಿನ ಮೌಲ್ಯದ 10% ಅಂತ ಇಟ್ಟೆ. ಆ ವರ್ಷ ಬೆಲೆ 20% ಏರಿ ಮತ್ತೆ ಇಳಿಯಿತು. ನಾನು ಒಂದು ಷೇರನ್ನೂ ಮಾರಿರಲಿಲ್ಲ.

ಯಾಕೆ ಅಂತ ಹಾಳೆ ತೆಗೆದು ಲೆಕ್ಕ ಹಾಕಿದಾಗ ಕಣ್ಣು ತೆರೆಯಿತು. ಕನಿಷ್ಠ ಮಿತಿ ಬರೀ ಖರ್ಚು ಉಳಿಸುವುದಿಲ್ಲ, ಯಾವಾಗ ಕೊಳ್ಳಬೇಕು, ಯಾವಾಗ ಮಾರಬೇಕು ಅನ್ನುವುದನ್ನೇ ಬದಲಿಸುತ್ತದೆ. ಮಿತಿ ಇಲ್ಲದಿದ್ದರೆ ಮೌಲ್ಯ ಕಂಟ್ರೋಲಿಗಿಂತ ಸುಮಾರು 9% ಬಿದ್ದರೆ ಕೊಳ್ಳು ಅನ್ನುತ್ತದೆ. 5% ಮಿತಿಗೆ ಸುಮಾರು 13% ಬೀಳಬೇಕು, 10% ಮಿತಿಗೆ ಸುಮಾರು 17%. ಮಾರುವುದಕ್ಕೆ ಇನ್ನೂ ದೂರ: ಮಿತಿ ಇಲ್ಲದೆ ಸುಮಾರು 11% ಏರಿದರೆ ಸಾಕು, 5% ಮಿತಿಗೆ ಸುಮಾರು 18%, 10% ಮಿತಿಗೆ ಪೂರಾ 25%. ನನ್ನ ಷೇರಿನ ಏರಿಕೆ 20%ಕ್ಕೇ ನಿಂತಿತ್ತು.

ಅವತ್ತಿಂದ 5% ಹಿಡಿದಿದ್ದೇನೆ. ಲೆಕ್ಕವೂ ತಿಂಗಳಿಗೊಮ್ಮೆ ಮಾತ್ರ. ಮಾರುವ ಮೊದಲು ಹಳೆಯ ಷೇರಿಗೆ ವರ್ಷ ತುಂಬಿದೆಯೇ ಅಂತಲೂ ನೋಡುತ್ತೇನೆ. ಮೊದಲು ಕೊಂಡದ್ದೇ ಮೊದಲು ಮಾರಿದ ಹಾಗೆ ಲೆಕ್ಕ, ವರ್ಷದೊಳಗಿನ ಲಾಭಕ್ಕೆ ತೆರಿಗೆ ಜಾಸ್ತಿ.

ಒಂದು ಉದಾಹರಣೆ ಕೊಡುತ್ತೇನೆ. ಕಂಟ್ರೋಲ್ 1,00,000, ಷೇರು 500, ಬೆಲೆ 176. ಮೌಲ್ಯ 88,000. ವ್ಯತ್ಯಾಸ 12,000, ಅದರಲ್ಲಿ 8,800 ಹೋದರೆ 3,200. ಮಿತಿ 4,400. ಕೊಳ್ಳುವಂತಿಲ್ಲ. ಮುಂದಿನ ತಿಂಗಳು ಬೆಲೆ 170. ಮೌಲ್ಯ 85,000, ಕೊಳ್ಳಬೇಕಾದ್ದು 6,500, ಮಿತಿ 4,250. ಈಗ ಕೊಳ್ಳಬಹುದು. ಅರ್ಧ ಷೇರು ಸಿಗುವುದಿಲ್ಲವಾದ್ದರಿಂದ 38 ಷೇರು, 6,460 ರೂಪಾಯಿ. ಕಂಟ್ರೋಲಿಗೆ ಇದರ ಅರ್ಧ 3,230 ಸೇರಿಸಬೇಕು, 6,500ರ ಅರ್ಧ ಅಲ್ಲ. ನಾನು ಎಷ್ಟೋ ತಿಂಗಳು ಇಲ್ಲೇ ತಪ್ಪಿದ್ದೆ.