ಒಂದೇ ಆಲ್ಬಂ ಹಿಡಿದು ನು ಮೆಟಲ್ ಕಲಿಯುವುದು

ಬದಿಯಡ್ಕದ ನಮ್ಮ ಮನೆಗೆ ಗಿಟಾರ್ ಕಲಿಯಲು ಬರುವ ಹುಡುಗರು ಮೊದಲ ದಿನವೇ ಕೋರ್ನ್ ನುಡಿಸಬೇಕು ಅನ್ನುತ್ತಾರೆ. ಅದು ನು ಮೆಟಲ್, ಅಂದರೆ ಹಿಪ್‌ಹಾಪ್ ತಾಳ ಬೆರೆತ ಭಾರೀ ಗಿಟಾರ್ ಸಂಗೀತ, ನುಡಿಸುವ ಅಮೆರಿಕದ ಬ್ಯಾಂಡ್. ನಾನು ಅವರಿಗೆ ವೆಕ್ಸ್ ರೆಡ್ ಎಂಬ ಬ್ಯಾಂಡ್ ಕೇಳಿಸುತ್ತೇನೆ. ಮಂಗಳೂರಿನ ಹಾಸ್ಟೆಲ್‌ನಲ್ಲಿ ಗೆಳೆಯನೊಬ್ಬ ಕೊಟ್ಟ ಸಿ.ಡಿ.ಯಿಂದ ನನಗೆ ಹತ್ತಿದ ಹುಚ್ಚು ಅದು, ಇನ್ನೂ ಬಿಟ್ಟಿಲ್ಲ.

ಇಂಗ್ಲೆಂಡಿನಲ್ಲಿ ಸೈನ್ಯಕ್ಕೆ ಹೆಸರಾದ ಊರು ಆಲ್ಡರ್‌ಶಾಟ್. ಬ್ಯಾಂಡ್ ಅಲ್ಲಿಯದು. 2002ರಲ್ಲಿ 'ಸ್ಟಾರ್ಟ್ ವಿತ್ ಎ ಸ್ಟ್ರಾಂಗ್ ಆಂಡ್ ಪರ್ಸಿಸ್ಟೆಂಟ್ ಡಿಸೈರ್' ಆಲ್ಬಂ ಬಂತು. ಪ್ರೊಡ್ಯೂಸರ್ ರಾಸ್ ರಾಬಿನ್ಸನ್. 1994ರ ಕೋರ್ನ್, 1999ರ ಸ್ಲಿಪ್‌ನಾಟ್ ಬ್ಯಾಂಡ್‌ಗಳ ಆಲ್ಬಂಗಳೂ ಅವರ ಕೈಯಲ್ಲೇ ಆದವು. ಸ್ವಲ್ಪ ಸಮಯದಲ್ಲೇ ವೆಕ್ಸ್ ರೆಡ್ ಮುಗಿಯಿತು. ತುಂಬಾ ವರ್ಷ ಕಳೆದು ಮತ್ತೆ ಸೇರಿದರು, ಆದರೆ ಆ ಕಾಲದ ಆಲ್ಬಂ ಅದೊಂದೇ. ಕಲಿಯುವವರಿಗೆ ಇದು ಒಳ್ಳೆಯದೇ ಅಲ್ವಾ? ಒಂದನ್ನೇ ತಿರುತಿರುಗಿ ಕೇಳಬಹುದು.

ಮೊದಲ ವಾರ ಗಿಟಾರ್ ಮುಟ್ಟಬೇಡಿ. ಹೆಡ್‌ಫೋನ್ ಹಾಕಿ ಮೊದಲಿಂದ ಕೊನೆಯವರೆಗೆ ಕೇಳಿ. ಎರಡನೇ ಸಲ ಡ್ರಮ್ ಮಾತ್ರ, ಮೂರನೇ ಸಲ ಬೇಸ್ ಮಾತ್ರ. ನಮ್ಮ ಕಡೆಯ ಮಕ್ಕಳಿಗೆ ಇದು ಕಷ್ಟವಲ್ಲ. ಬೆಳಗಿನವರೆಗೆ ಯಕ್ಷಗಾನದ ಆಟ ನೋಡಿದ ಕಿವಿ ನಮ್ಮದು. ಮದ್ದಳೆ ಮೆಲ್ಲಗೆ ನಡೆಯುವಾಗ ಚೆಂಡೆ ಸುಮ್ಮನಿದ್ದು, ವೀರದ ಪದ ಬಂದಾಗ ಒಮ್ಮೆಲೇ ಏರುತ್ತದಲ್ಲ, ಇಲ್ಲಿಯೂ ಹಾಗೆಯೇ. ಗಿಟಾರ್ ತೆಪ್ಪಗಿರುವ ಜಾಗಗಳನ್ನು ಗುರುತು ಹಾಕಿಕೊಳ್ಳಿ. ಅಲ್ಲಿ ಕೈ ತಡೆದರೆ ಮಾತ್ರ ಮುಂದಿನದು ಜೋರಾಗಿ ಕೇಳುತ್ತದೆ.

ಆಮೇಲೆ ಶ್ರುತಿ. ಈ ಬಗೆಯ ಸಂಗೀತ ಕಲಿಯಲು ಡ್ರಾಪ್ ಡಿ ಸಾಕು. ಅಂದರೆ ಎಲ್ಲಕ್ಕಿಂತ ದಪ್ಪದ ಆರನೇ ತಂತಿಯನ್ನು ಇ ಯಿಂದ ಡಿ ಗೆ ಇಳಿಸಬೇಕು. ಸುಮಾರು 82 ಹರ್ಟ್ಸ್‌ನಿಂದ 73ಕ್ಕೆ. ಟ್ಯೂನರ್ ಬೇಡ, ಕಿವಿ ಸಾಕು. ನಾಲ್ಕನೇ ತಂತಿ ಹೇಗೂ ಡಿ. ಅದನ್ನೂ ಆರನೆಯದನ್ನೂ ಒಟ್ಟಿಗೆ ಮೀಟಿ, ಕೀಲಿಯನ್ನು ಮೆಲ್ಲಗೆ ಸಡಿಲಿಸಿ. ಮೊದಲು ಸ್ವರ ಬೇಗ ಬೇಗ ನಡುಗುತ್ತದೆ. ಹತ್ತಿರವಾದ ಹಾಗೆ ಆ ಅಲೆ ನಿಧಾನವಾಗುತ್ತದೆ. ಪೂರ್ತಿ ನಿಂತಲ್ಲಿ ಕೈ ತೆಗೆಯಿರಿ. ಒಂದು ಕೂದಲಷ್ಟು ಜಾಸ್ತಿ ಇಳಿಸಿ, ಮತ್ತೆ ಬಿಗಿ ಮಾಡುತ್ತಾ ಡಿ ಗೆ ತಂದರೆ ಶ್ರುತಿ ಹೆಚ್ಚು ಹೊತ್ತು ನಿಲ್ಲುತ್ತದೆ.

ಈಗ ಕೆಳಗಿನ ಸ್ವರದ ಮೂರು ತಂತಿಗಳನ್ನು ಒಂದೇ ಬೆರಳಲ್ಲಿ ಅಡ್ಡ ಒತ್ತಿದರೆ ಪವರ್ ಕಾರ್ಡ್, ಅಂದರೆ ಒಟ್ಟಿಗೆ ಮೊಳಗುವ ಗಟ್ಟಿ ಸ್ವರಗುಚ್ಛ, ಸಿಗುತ್ತದೆ. ಸ್ವರವನ್ನು ಸ್ವಲ್ಪ ಅದುಮಲು ಬಲಗೈಯ ಅಂಚನ್ನು ಬ್ರಿಡ್ಜ್ (ಗಿಟಾರಿನ ಮೈಮೇಲೆ ತಂತಿಗಳು ಕೂರುವ ಪಟ್ಟಿ) ಪಕ್ಕ ಇಡಿ. ಒಂದು ಬೆರಳಗಲ ಮುಂದೆ ಹೋದರೂ ಸ್ವರ ಸತ್ತು ಬರೀ ಟಕಟಕ ಕೇಳುತ್ತದೆ. ನನಗೆ ಆ ಜಾಗ ಸಿಗಲು ಒಂದು ಇಡೀ ಮಳೆಗಾಲ ಬೇಕಾಯಿತು.

ಮಳೆಗಾಲ ಅಂದಾಗ ನೆನಪಾಯಿತು. ನಮ್ಮಲ್ಲಿ ಜೂನ್ ಬಂತೆಂದರೆ ತಂತಿಗೆ ತುಕ್ಕು. ಒಮ್ಮೆ ತುಕ್ಕು ಹಿಡಿದ ತಂತಿಯನ್ನೇ ಬಿಗಿ ಮಾಡಲು ಹೋಗಿ ಕೆನ್ನೆಗೆ ಹೊಡೆಸಿಕೊಂಡಿದ್ದೇನೆ. ನುಡಿಸಿದ ಮೇಲೆ ಪ್ರತಿ ತಂತಿಯನ್ನೂ ಒಣ ಹತ್ತಿಬಟ್ಟೆಯಲ್ಲಿ ಒರೆಸಿ, ಅಡಿಭಾಗವನ್ನೂ ಬಿಡಬೇಡಿ. ಹೊಸದು ಕೊಳ್ಳುವಾಗ 10-52 ಸೆಟ್ ಕೇಳಿ, ಅದು ತೆಳು ತಂತಿಯಿಂದ ದಪ್ಪ ತಂತಿಯವರೆಗಿನ ದಪ್ಪದ ಅಳತೆ. ದಪ್ಪ ತಂತಿ ಇಳಿಸಿದರೂ ಬಿಗಿ ಉಳಿಯುತ್ತದೆ.

ಇಷ್ಟಾದ ಮೇಲೆ ಕೋರ್ನ್‌ಗೆ ಹೋಗಿ. ಅವರದು ಏಳು ತಂತಿಯ ಗಿಟಾರ್, ಕೊನೆಯದು ಎ ವರೆಗೆ ಇಳಿದಿರುತ್ತದೆ. ನಿಮ್ಮ ಆರು ತಂತಿಯದ್ದನ್ನು ಅಷ್ಟು ಇಳಿಸಬೇಡಿ, ತಂತಿ ಒಳ್ಳೆಮೆಣಸಿನ ಬಳ್ಳಿಯ ಹಾಗೆ ಜೋಲುತ್ತದೆ.